ನನ್ನ ಗೊಬ್ಬರದ ಗಾಡಿಯ ಹಿಂದೆ ಬಂದವರು

ನಾನು ಹೇಳೋದನ್ನ ನಂಬಲ್ಲ ಅಂತ ಈಗಲೇ ಹೇಳಿಬಿಡಿ, ನನಗೇನೂ ಬೇಜಾರಿಲ್ಲ. ಕಾಲಿಡೋಕೆ ಜಾಗ ಇಲ್ಲದ ಮೆಟ್ರೋದಲ್ಲಿ ಜನ ಎದ್ದು ನನಗೆ ಸೀಟು ಬಿಟ್ಟಿದ್ದಾರೆ. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿ ಮಾಲೀಕರು ಗಲ್ಲಾ ಬಿಟ್ಟು ಬಂದು ನನ್ನ ಗಾಡಿ ತಳ್ಳಿದ್ದಾರೆ. ಒಂದು ಹಸು ಮಧ್ಯಸ್ಥಿಕೆ ವಹಿಸಿ ನನ್ನ ಜಗಳ ನಡೆಸಿಕೊಟ್ಟಿದೆ. ಬೆಂಗಳೂರಲ್ಲೇ ಹುಟ್ಟಿ ಬೆಳೆದ ನಿಮಗೆ ಇದರಲ್ಲಿ ಒಂದಾದರೂ ಆಗಿದೆಯಾ? ಆಗಿರಲ್ಲ. ಯಾಕಂದ್ರೆ ನೀವು ಗೊಬ್ಬರ ಹೊರಲ್ಲ. ಹೊರೋನಿಗೆ ಇಂಥದ್ದು ಆಗ್ತಾನೇ ಇರುತ್ತೆ, ಬೇಡ ಅಂದ್ರೂ ಬಿಡಲ್ಲ.

ನನ್ನೂರು ಮುಳಬಾಗಿಲು ಕಡೆ. ನಮ್ಮಲ್ಲಿ ಹೆಣ್ಣು ಕೊಡೋಕೆ ಬಂದವರು ಮೊದಲು ಮನೆ ನೋಡಲ್ಲ, ತಿಪ್ಪೆ ನೋಡ್ತಾರೆ. ತಿಪ್ಪೆ ದೊಡ್ಡದಿದ್ರೆ ಕೊಟ್ಟಿಗೆ ತುಂಬ ದನ ಇದೆ, ಹೊಲಕ್ಕೆ ಸತ್ವ ಇದೆ, ಮಗಳು ಉಪವಾಸ ಬೀಳಲ್ಲ ಅಂತ ಅರ್ಥ. ನಮ್ಮನೆ ತಿಪ್ಪೆ ಊರಿಗೇ ದೊಡ್ಡದು. ಅಂಥ ತಿಪ್ಪೆಗೆ ಒಬ್ಬನೇ ವಾರಸುದಾರ ನಾನು. ಆ ಗತ್ತಿನಲ್ಲೇ ಗೂಡ್ಸ್ ಆಟೋ ಓಡಿಸಿಕೊಂಡು ಬೆಂಗಳೂರಿಗೆ ಬಂದೆ. ಬಂದ ಮೇಲೆ ಗೊತ್ತಾಯ್ತು, ಇಲ್ಲಿ ತಿಪ್ಪೆ ಅನ್ನೋದು ಬೈಗುಳ.

ಕೆಲಸ ಇಷ್ಟೇ. ಬೆಳಗ್ಗೆ ಜೋಗುಪಾಳ್ಯದ ನನ್ನ ರೂಮಿಂದ ಹೊರಡ್ತೀನಿ. ಪುಲಿಕೇಶಿನಗರದಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡೋ ಒಬ್ಬ ಚಾಚಾ ಇದ್ದಾರೆ, ಅವರ ಹಿತ್ತಲಿಂದ ಲದ್ದಿ. ಶಿವಾಜಿನಗರದ ಕೋಳಿ ಅಂಗಡಿಗಳಿಂದ ಹಿಕ್ಕೆ. ಎಲ್ಲ ತುಂಬಿಕೊಂಡು ಕೆ.ಆರ್. ಪುರ ದಾಟಿ ಒಂದು ಹೊಲಕ್ಕೆ ಸುರೀತೀನಿ. ಸುತ್ತ ಅಪಾರ್ಟ್‌ಮೆಂಟು, ನಡುವೆ ಉಳಿದುಕೊಂಡಿರೋ ಒಂದೇ ಹೊಲ. ಅದರ ಯಜಮಾನಿಯನ್ನ ನಾನು ದೊಡ್ಡಮ್ಮ ಅಂತೀನಿ. ಅವರ ಹಸುಗಳಿಗೆ ಮೇವು ಬೆಳೆದುಕೊಟ್ಟು, ಮಿಕ್ಕಿದ್ದನ್ನ ಚಾಚಾನ ಕುದುರೆಗೆ ಒಯ್ತೀನಿ. ಸೀಮೆಹುಲ್ಲು, ಮುಸುಕಿನ ಜೋಳ, ಎಲ್ಲಕ್ಕಿಂತ ಮೇಲಾಗಿ ಕುದುರೆ ಮೆಂತೆ. ನೋಡೋಕೆ ಮೆಂತ್ಯದ ಸೊಪ್ಪಿನ ಅಣ್ಣನ ಹಾಗಿರುತ್ತೆ. ಅದರ ವಾಸನೆ ಬಂದ್ರೆ ಕುದುರೆಗೆ ಬೇರೇನೂ ನೆನಪಿರಲ್ಲ.

ಇನ್ನೊಂದು ವಿಷಯ. ನಮ್ಮಮ್ಮ ದಿನಾ ಸಂಜೆ ಫೋನ್ ಮಾಡ್ತಾಳೆ. ಎಲ್ಲರ ಅಮ್ಮಂದಿರ ಹಾಗೆ "ಊಟ ಆಯ್ತಾ" ಅಂತ ಕೇಳಲ್ಲ. "ಯಾರ ಜೊತೆ ಊಟ ಮಾಡಿದೆ?" ಅಂತ ಕೇಳ್ತಾಳೆ. ನಮ್ಮ ಮನೇಲಿ ಒಬ್ಬರೇ ಕೂತು ಉಣ್ಣೋರು ಅಂದ್ರೆ ಒಂದೋ ಕಾಯಿಲೆ ಬಿದ್ದೋರು, ಇಲ್ಲಾ ಮುನಿಸಿಕೊಂಡೋರು. ನನಗೆ ಎರಡೂ ಇಲ್ಲ. ಕಲ್ಲು ತಿಂದು ಕರಗಿಸೋ ಗಂಡು ನಾನು. ಆದ್ರೆ ಮೈಗೆ ಎಷ್ಟು ಸೋಪು ತಿಕ್ಕಿದ್ರೂ ಹೋಟೆಲ್‌ನಲ್ಲಿ ನಾನು ಕೂತ ಟೇಬಲ್ಲಿಗೆ ಇನ್ನೊಬ್ಬ ಬರಲ್ಲ. ಬಂದೋನೂ ತಟ್ಟೆ ಎತ್ತಿಕೊಂಡು ಹೋಗ್ತಾನೆ. ಇದನ್ನ ಅಮ್ಮನಿಗೆ ಹೇಗೆ ಹೇಳೋದು? ಅದಕ್ಕೇ ದಿನಾ ಒಂದೊಂದು ಉತ್ತರ ಹೊಂದಿಸಬೇಕಾಗಿತ್ತು.

ಸಿಂಹಾಸನ

ಒಂದು ದಿನ ಗಾಡಿ ಗ್ಯಾರೇಜಿಗೆ ಬಿದ್ದಿತ್ತು. ಅವತ್ತೇ ಮಣ್ಣು ಪರೀಕ್ಷೆಯ ಮೇಡಂ, ಹೊಲದ ಮಣ್ಣು ಮತ್ತು ಹಾಕೋ ಗೊಬ್ಬರ ಎರಡನ್ನೂ ತಗೊಂಡು ಬನ್ನಿ ಅಂದಿದ್ರು. ಹಲಸೂರಿನಲ್ಲಿ ಮೆಟ್ರೋ ಹತ್ತೋಕೆ ಹೋದೆ. ನನ್ನ ಬ್ಯಾಗು ಸ್ಕ್ಯಾನರ್ ಒಳಗೆ ಹೋಯ್ತು, ಬಂತು, ಮತ್ತೆ ಹೋಯ್ತು.

"ಏನ್ರೀ ಇದು?" ಅಂದ ಸೆಕ್ಯುರಿಟಿಯವನು.

"ಮಣ್ಣು."

"ಇನ್ನೊಂದು?"

"ಕೋಳಿ ಹಿಕ್ಕೆ."

"ತಿನ್ನೋದಾ?"

"ನೀವು ತಿನ್ನಲ್ಲ ಸಾರ್. ಹುಲ್ಲು ತಿನ್ನುತ್ತೆ. ಹುಲ್ಲನ್ನ ಹಸು ತಿನ್ನುತ್ತೆ. ಆ ಹಸು ಹಾಲನ್ನ ನೀವು ಬೆಳಗ್ಗೆ ಕಾಫಿಗೆ ಹಾಕೊಂಡು ಕುಡಿದು ಬಂದಿದೀರ."

ಅವನು ಗೋಡೆ ಮೇಲೆ ಅಂಟಿಸಿದ್ದ ಬೋರ್ಡು ನೋಡಿದ. ಚಾಕು ತರಬಾರದು, ಪಟಾಕಿ ತರಬಾರದು, ಸೀಮೆಎಣ್ಣೆ ತರಬಾರದು. ಹಿಕ್ಕೆ ಬಗ್ಗೆ ಸರ್ಕಾರ ಇನ್ನೂ ಯೋಚನೆ ಮಾಡಿರಲಿಲ್ಲ. "ಹೋಗಿ, ಬೇಗ ಹೋಗಿ" ಅಂದ, ಉಸಿರು ಬಿಗಿಹಿಡಿದು.

ರೈಲು ಕಿಕ್ಕಿರಿದಿತ್ತು. ಹೇಗೋ ನುಗ್ಗಿದೆ. ಬಾಗಿಲು ಮುಚ್ಚಿತು. ಎ.ಸಿ. ಗಾಳಿ ನಾನು ಬಂದಿರೋ ಸುದ್ದಿಯನ್ನ ಬೋಗಿಯ ಎರಡೂ ತುದಿಗೆ ಮುಟ್ಟಿಸಿತು. ಇಂದಿರಾನಗರ ಬರೋ ಹೊತ್ತಿಗೆ ನನ್ನೆದುರು ಕೂತಿದ್ದ ಹುಡುಗ ಎದ್ದ. ಅವನ ಪಕ್ಕದವಳು ಎದ್ದಳು. ಆಚೆ ಪಕ್ಕದವನೂ ಇಯರ್‌ಫೋನ್ ಕಿತ್ತುಕೊಂಡು ಎದ್ದ. ಇಡೀ ಸಾಲು ನನ್ನದು. ಮಧ್ಯೆ ಕೂತು, ಬ್ಯಾಗನ್ನ ತೊಡೆ ಮೇಲೆ ಇಟ್ಟುಕೊಂಡು, ಕಾಲು ಚಾಚಿದೆ. ಆ ಹೊತ್ತಲ್ಲಿ ಅಲ್ಲಿ ಕೂರೋಕೆ ಎಂಎಲ್‌ಎ ಬಂದಿದ್ರೂ ಜಾಗ ಸಿಗ್ತಿರಲಿಲ್ಲ.

ಮುಂದಿನ ಸ್ಟೇಷನ್ನಲ್ಲಿ ಕೋಲೂರಿಕೊಂಡು ಒಬ್ಬ ತಾತ ಹತ್ತಿದರು. ನಾನು ಎದ್ದು ನಿಂತೆ. "ಬನ್ನಿ ತಾತ, ಕೂತ್ಕೊಳ್ಳಿ. ಎಷ್ಟೊಂದು ಜಾಗ ಇದೆ ನೋಡಿ, ಮಾತಾಡ್ಕೊಂಡು ಹೋಗೋಣ."

ತಾತ ಹತ್ತಿರ ಬಂದರು, ನಿಂತರು, ಮೂಗು ಎತ್ತಿ ಒಂದು ಸಲ ಎಳೆದರು. ಆಮೇಲೆ ಮೆಲ್ಲಗೆ ಹಿಂದೆ ಸರಿದರು.

"ಬೇಡ ಕಣಪ್ಪಾ. ನನಗೆ ಕೆಟ್ಟಿರೋದು ಮಂಡಿ. ಮೂಗು ಚೆನ್ನಾಗಿದೆ."

ತಳ್ಳಿದವರು

ಪರೀಕ್ಷೆ ಮುಗಿಸಿ ಮೇಡಂ ಹೇಳಿದರು: "ಮಣ್ಣಲ್ಲಿ ರಂಜಕ ಕಮ್ಮಿ ಇದೆ. ಕುದುರೆ ಮೆಂತೆ ಸಾರಜನಕವನ್ನ ಗಾಳಿಯಿಂದ ತಾನೇ ಹಿಡ್ಕೊಳ್ಳುತ್ತೆ, ರಂಜಕ ಮಾತ್ರ ನೀವೇ ಕೊಡಬೇಕು. ಇಲ್ಲದಿದ್ರೆ ಬೇರು ಕೆಳಗಿಳಿಯಲ್ಲ. ಕೋಳಿ ಗೊಬ್ಬರದಲ್ಲಿ ಬೇಕಾದಷ್ಟಿದೆ. ಆದ್ರೆ ಚೆನ್ನಾಗಿ ಕಳಿತಿರಬೇಕು, ತೆಳ್ಳಗೆ ಹರಡಬೇಕು."

"ಮೇಡಂ, ನಾನು ಹುಟ್ಟಿದ್ದೇ ತಿಪ್ಪೆ ಪಕ್ಕ" ಅಂದೆ. ಪೂರ್ತಿ ಕೇಳಿಸಿಕೊಳ್ಳಲಿಲ್ಲ. ರಂಜಕ ಕಮ್ಮಿ, ಕೋಳಿಯಲ್ಲಿ ಜಾಸ್ತಿ. ಇಷ್ಟು ಸಾಕು ನನಗೆ.

ಮದುವೆ ಸೀಸನ್ನಿನ ಒಂದು ಶನಿವಾರ. ಶಿವಾಜಿನಗರದಲ್ಲಿ ಎಷ್ಟು ಕೋಳಿ ಅಂಗಡಿ ಇದೆಯೋ ಅಷ್ಟರಿಂದಲೂ ಹಸಿ ಹಿಕ್ಕೆ ತುಂಬಿಸಿದೆ. ಗಾಡಿಯ ಬೆನ್ನು ಬಗ್ಗಿತು. ದಾರಿ ಹತ್ತಿರ ಆಗುತ್ತೆ ಅಂತ, ನುಗ್ಗಬಾರದು ಅಂತ ಗೊತ್ತಿದ್ದೂ ಕಮರ್ಷಿಯಲ್ ಸ್ಟ್ರೀಟಿಗೆ ನುಗ್ಗಿದೆ. ಸರಿಯಾಗಿ ಒಂದು ರೇಷ್ಮೆ ಸೀರೆ ಅಂಗಡಿ ಮುಂದೆ ಗಾಡಿ ಕೆಮ್ಮಿತು, ನಿಂತಿತು.

ಮಾಲೀಕ ಹೊರಗೆ ಬಂದ. "ಯೋವ್, ತೆಗಿಯೋ ಗಾಡಿ! ಮದುವೆ ಸೀರೆ ಕಸ್ಟಮರ್ಸ್ ಇದ್ದಾರೆ ಒಳಗೆ!"

"ಸ್ಟಾರ್ಟ್ ಆಗ್ತಿಲ್ಲ ಸಾರ್. ಮೆಕ್ಯಾನಿಕ್ ಬರ್ಬೇಕು. ಒಂದು ಗಂಟೆ ಆಗ್ಬಹುದು."

"ಒಂದು ಗಂಟೆನಾ?" ಅಂತ ಅವನು ಕೂಗಿದ ಕೂಗು ಬಳೆ ಅಂಗಡಿಗೆ ಕೇಳಿಸಿತು. ಬಳೆಯವನು ಚಪ್ಪಲಿಯವನಿಗೆ ಹೇಳಿದ. ಚಪ್ಪಲಿಯವನು ಬುರ್ಖಾ ಅಂಗಡಿಯವನಿಗೆ ಹೇಳಿದ. ನೋಡ್ತಾ ನೋಡ್ತಾ ರಸ್ತೆಯೇ ಇಳಿದು ಬಂತು. ಒಬ್ಬರ ಗಿರಾಕಿಯನ್ನ ಇನ್ನೊಬ್ಬರು ಕಿತ್ತುಕೊಂಡು ಮುಖ ನೋಡದೆ ಬಾಳೋ ಜನ, ಹೆಗಲಿಗೆ ಹೆಗಲು ಕೊಟ್ಟು ನಿಂತರು. ಟೈಲರ್ ಒಬ್ಬ ಕುತ್ತಿಗೆಗೆ ಟೇಪು ಹಾಕಿಕೊಂಡೇ ಬಂದ. ಅವನು ಅಳತೆ ತಗೋತಿದ್ದ ಗಿರಾಕಿಯೂ ಬಂದ, ಒಂದೇ ತೋಳಿನ ಅಂಗಿಯಲ್ಲಿ. ಕನ್ನಡ, ತಮಿಳು, ಉರ್ದು, ಹಿಂದಿ, ಯಾರಿಗೆ ಯಾವುದು ಬರುತ್ತೋ ಅದರಲ್ಲಿ ತಳ್ಳಿದರು. ನಾನು ಸ್ಟೇರಿಂಗ್ ಹಿಡ್ಕೊಂಡು, ಕಿಟಕಿಗೆ ಮೊಣಕೈ ಇಟ್ಟು, ಅಂಬಾರಿ ಮೇಲೆ ಕೂತವನ ಹಾಗೆ ಆ ಕಡೆ ಈ ಕಡೆ ನೋಡಿಕೊಂಡು ಹೋದೆ.

ರಸ್ತೆ ಕೊನೆಗೆ ಬಂದಾಗ ತಲೆ ಹೊರಗೆ ಹಾಕಿ ಹೇಳಿದೆ. "ಅಣ್ಣಾ, ಇನ್ನೊಂಚೂರು. ಪೆಟ್ರೋಲ್ ಬಂಕ್ ತನಕ."

ಸೀರೆ ಮಾಲೀಕ ಬೆವರು ಒರೆಸಿಕೊಂಡ. "ಮಗಾ, ಮುಂದಿನ ಸಲ ಖಾಲಿ ಗಾಡಿ ತಗೊಂಡ್ ಬಾ. ನಿಮ್ಮೂರ ತನಕ ತಳ್ತೀವಿ."

ಸಂಜೆ ಅಮ್ಮನ ಫೋನು. "ಯಾರ ಜೊತೆ ಊಟ ಮಾಡಿದೆ?"

"ಅಮ್ಮಾ, ನಿನ್ನ ಮಗನ್ನ ಏನಂದ್ಕೊಂಡಿದೀಯಾ? ಇವತ್ತು ಇಡೀ ಕಮರ್ಷಿಯಲ್ ಸ್ಟ್ರೀಟು ನನ್ನ ಹಿಂದಿತ್ತು!"

"ಹಿಂದೆ ಇದ್ರು, ಸರಿ. ಪಕ್ಕದಲ್ಲಿ?"

ಸಿಗ್ನಲ್ ಸರಿಯಿಲ್ಲ ಅಂತ ಫೋನ್ ಇಟ್ಟೆ.

ಗೌರಿ ಹೇಳಿದ ಮಾತು

ಆ ಹಸಿ ಹಿಕ್ಕೆಯನ್ನ ಹಾಗೇ ಹೊಲಕ್ಕೆ ಸುರಿದು, ಮೇಲೆ ಮೆಂತೆ ಬಿತ್ತಿಬಿಟ್ಟೆ. ಮೊಳಕೆ ಬಂತು, ಬೆಳಕು ನೋಡ್ತು, ಹಸಿ ಹಿಕ್ಕೆಯ ಕಾವಿಗೆ ಸುಟ್ಟು ಕರಕಲಾಯ್ತು. ಅಷ್ಟಕ್ಕೇ ಮುಗಿದಿದ್ರೆ ಪರವಾಗಿರಲಿಲ್ಲ. ನೊಣಗಳು ಹುಟ್ಟಿದ್ದು ನಮ್ಮ ಹೊಲದಲ್ಲಿ, ಊಟಕ್ಕೆ ಹೋಗಿದ್ದು ಪಕ್ಕದ ಅಪಾರ್ಟ್‌ಮೆಂಟಿಗೆ. ಅಲ್ಲಿಂದ ಒಂದು ನಿಯೋಗವೇ ದೊಡ್ಡಮ್ಮನ ಬಾಗಿಲಿಗೆ ಬಂತು. ಒಬ್ಬರ ಕೈಯಲ್ಲಿ ಸೊಳ್ಳೆ ಬ್ಯಾಟು, ಸಾಕ್ಷಿಗೆ.

ದೊಡ್ಡಮ್ಮ ಹಳೇ ಕಾಲದ ಊರಗೌಡರ ಮನೆಯ ಸೊಸೆ. ಜನ ಬಾಗಿಲಿಗೆ ಬಂದು ದೂರು ಹೇಳಿದ್ದು ಅವರ ಜೀವಮಾನದಲ್ಲೇ ಇಲ್ಲ. ನನ್ನ ಮೇಲೆ ಕೂಗಾಡ್ತಾರೆ ಅಂದ್ಕೊಂಡು ತಲೆ ಬಗ್ಗಿಸಿ ನಿಂತೆ. ಅವರು ನನ್ನ ಕಡೆ ನೋಡಲೇ ಇಲ್ಲ. ಕೊಟ್ಟಿಗೆಯಲ್ಲಿದ್ದ ಹಸುವಿನ ಕಡೆ ತಿರುಗಿದರು.

"ಗೌರೀ, ಹೇಳು ಇವನಿಗೆ. ಸಾರಿಗೆ ಉಪ್ಪು ಕಮ್ಮಿ ಅಂದ್ರೆ ಯಾರೂ ಉಪ್ಪಿನ ಮೂಟೆ ಸುರಿಯಲ್ಲ."

ಗೌರಿ ಮೆಲುಕು ಹಾಕ್ತಾ ನನ್ನನ್ನ ನೋಡಿದಳು. ಹೇಳಿದ ಹಾಗೇ ಇತ್ತು.

ಅವತ್ತಿಂದ ದೊಡ್ಡಮ್ಮ ನನ್ನ ಜೊತೆ ನೇರವಾಗಿ ಮಾತೇ ಬಿಟ್ಟರು. ಎಲ್ಲ ಗೌರಿಯ ಮೂಲಕ.

"ಗೌರೀ, ಗುದ್ದಲಿ ಎಲ್ಲಿಟ್ಟ ಅಂತ ಕೇಳು."

"ಗೌರೀ, ಸೀಬೆ ಮರದ ಕೆಳಗಿದೆ ಅಂತ ಹೇಳಮ್ಮ."

"ಗೌರೀ, ಹೊಸ ತಿಪ್ಪೆ ಹಾಕಿ ಕೊಳೆಸಬೇಕಂತೆ, ಇವನಿಗೆ ತಾಳ್ಮೆ ಇದೆಯಾ ಕೇಳು."

"ಗೌರೀ, ನಮ್ಮೂರಲ್ಲಿ ತಾಳ್ಮೆಗೆ ಇನ್ನೊಂದು ಹೆಸರೇ ನಾನು ಅಂತ ಹೇಳು."

"ಗೌರೀ, ಬಾಯಿ ಮುಚ್ಕೊಂಡು ಕೆಲಸ ಮಾಡು ಅಂತ ಹೇಳು."

ಕೋಪ ಇದ್ರೂ ಮಧ್ಯಾಹ್ನದ ಊಟ ನಿಲ್ಲಿಸಲಿಲ್ಲ. ಮುತ್ತುಗದ ಎಲೆಯಲ್ಲಿ ಮುದ್ದೆ, ಹುರುಳಿ ಸಾರು. ಕಾಂಪೌಂಡ್ ಗೋಡೆ ಮೇಲಿಟ್ಟು ಒಳಗೆ ಹೋಗ್ತಾ ಇದ್ದರು. ನಾನು ಅದನ್ನ ಕೊಟ್ಟಿಗೆಗೆ ತಂದು ಗೌರಿಯ ಎದುರು ಕೂತು ಉಣ್ತಿದ್ದೆ. ಅವಳು ಹುಲ್ಲು, ನಾನು ಮುದ್ದೆ. ಇಬ್ಬರೂ ಜಾಸ್ತಿ ಮಾತಾಡ್ತಿರಲಿಲ್ಲ.

ಒಂದು ದಿನ ಗೌರಿಯನ್ನ ದನದ ಆಸ್ಪತ್ರೆಗೆ ಹೊಡ್ಕೊಂಡು ಹೋಗಿದ್ರು. ದೊಡ್ಡಮ್ಮ ಎಲೆ ಹಿಡಿದು ಬಂದರು. ಕೊಟ್ಟಿಗೆ ನೋಡಿದರು, ಖಾಲಿ. ಬಾಯಿ ತೆರೆದರು. ಹೇಳಿಸೋಕೆ ಯಾರೂ ಇಲ್ಲ. ಗೋಡೆಗೆ ಎಲೆ ಇಟ್ಟು, ಎರಡು ಸಲ ಕೆಮ್ಮಿ, ಒಳಗೆ ಹೋದರು.

ಮಾರನೇ ದಿನ ಗೌರಿ ವಾಪಸ್ ಬಂದಳು. ನಾನು ಎಲೆ ಮುಂದಿಟ್ಟುಕೊಂಡು ಅವಳೆದುರು ಕೂತಿದ್ದೆ, ದೊಡ್ಡಮ್ಮ ಅವಳ ಮೈ ಸವರುತ್ತಾ ಕೇಳಿದರು. "ಗೌರೀ, ನಿನ್ನೆ ನೀನಿಲ್ಲದೆ ಇವನು ಸರಿಯಾಗಿ ಉಂಡನೋ ಇಲ್ಲವೋ ಕೇಳು."

"ಗೌರೀ, ನೀನಿಲ್ಲದೆ ಒಂದು ತುತ್ತೂ ಇಳೀಲಿಲ್ಲ ಅಂತ ಹೇಳು" ಅಂದೆ. ತಮಾಷೆಗೆ ಹೇಳೋಕೆ ಹೋದೆ, ತಮಾಷೆಯಾಗಿ ಬರಲಿಲ್ಲ.

ದೊಡ್ಡಮ್ಮ ಸೆರಗಿಂದ ಬಾಯಿ ಒತ್ತಿಕೊಂಡು ಒಳಗೆ ಹೋಗಿಬಿಟ್ಟರು. ಗೌರಿಗೂ ಕರುಳು ಚುರ್ ಅಂದಿರಬೇಕು ಅಂತ ತಿರುಗಿ ನೋಡ್ತೀನಿ, ಅವಳು ನನ್ನ ಊಟವನ್ನ ಎಲೆ ಸಮೇತ ಮುಗಿಸಿದ್ದಳು.

ದೀಪಾವಳಿಗೆ ಬಂದ ನೆಂಟರು

ಹಬ್ಬ ಅಂತ ಕುದುರೆ ಲದ್ದಿ ಹಾಕೋದು ನಿಲ್ಲಿಸಲ್ಲ. ಅದಕ್ಕೇ ದೀಪಾವಳಿಗೆ ಊರಿಗೆ ಹೋಗೋಕೆ ಆಗಲಿಲ್ಲ. ಜೋಗುಪಾಳ್ಯದ ನನ್ನ ರೂಮಿನ ಅಕ್ಕಪಕ್ಕ ಎಲ್ಲಾ ಬೀಗ. ದೊಡ್ಡಮ್ಮ ಮಗಳ ಮನೆಗೆ ಹೋಗಿದ್ರು. ಸಂಜೆ ನಾನೊಬ್ಬನೇ ಹೊಲಕ್ಕೆ ಹೋದೆ.

ಅಷ್ಟು ಹೊತ್ತಿಗೆ ನಾನು ಕಟ್ಟಿದ್ದ ಹೊಸ ತಿಪ್ಪೆ ಎದೆಮಟ್ಟ ಬಂದಿತ್ತು. ಒಂದು ಪದರ ಲದ್ದಿ, ಒಂದು ಪದರ ಹಿಕ್ಕೆ, ಮೇಲೆ ಸಗಣಿ, ಅದರ ಮೇಲೆ ಮಣ್ಣು. ಮೇಡಂ ಹೇಳಿದ ಹಾಗೇ ತಿರುವಿ ಹಾಕಿ ಹಾಕಿ ಕೊಳೆಸಿದ್ದೆ. ನಮ್ಮೂರಲ್ಲಿ ದೀಪಾವಳಿ ಸಂಜೆ ತಿಪ್ಪೆಗೂ ದೀಪ ಇಡ್ತೀವಿ. ವರ್ಷವಿಡೀ ಅನ್ನ ಕೊಡೋಳು ಕತ್ತಲಲ್ಲಿ ಇರಬಾರದು ಅಂತ. ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂ ಸಿಕ್ಕಿಸಿ, ಮೇಲೆ ಮಣ್ಣಿನ ಹಣತೆ ಹಚ್ಚಿದೆ. ಹೋಳಿಗೆ ಡಬ್ಬಿ ತೆಗೆದು ಪಕ್ಕ ಕೂತೆ. ಚೆನ್ನಾಗಿ ಕಾಣ್ತಿತ್ತು.

ಮೇಲಿನ ಬಾಲ್ಕನಿಯಿಂದ ಒಬ್ಬ ಹೆಂಗಸು ಕೂಗಿದರು. "ಫೈರ್! ಫೈರ್! ಆ ಗಲೀಜಿಗೆ ಯಾರೋ ಬೆಂಕಿ ಇಡ್ತಿದಾನೆ!"

ಎರಡು ನಿಮಿಷ ಇಲ್ಲ, ಅಪಾರ್ಟ್‌ಮೆಂಟ್ ಸೆಕ್ಯುರಿಟಿಯವರೆಲ್ಲ ಕೆಂಪು ಸಿಲಿಂಡರ್ ಹೊತ್ತುಕೊಂಡು ಓಡಿ ಬಂದರು. "ಏಯ್, ಸರಿಯೋ ಆ ಕಡೆ!" ಬುಸ್ ಅಂತ ಬಿಟ್ಟರು. ಬಿಳೀ ಪುಡಿ. ದೀಪ ಹೋಯ್ತು, ಹೂವು ಹೋಯ್ತು, ತಿಪ್ಪೆ ಹೋಯ್ತು, ನಾನೂ ಹೋದೆ. ಪುಡಿ ಕೆಳಗೆ ಕೂತ ಮೇಲೆ ನೋಡಿದರೆ ನಾನು, ತಿಪ್ಪೆ ಇಬ್ಬರೂ ಸುಣ್ಣ ಬಳಿದ ಹಾಗಿದ್ವಿ.

ಅವರಲ್ಲೊಬ್ಬ ವಯಸ್ಸಾದವನು ಬಗ್ಗಿ ಹಣತೆ ಎತ್ತಿದ. "ದೀಪನಾ ಇದು? ಅಯ್ಯೋ, ನಮ್ಮೂರಲ್ಲೂ ತಿಪ್ಪೆಗೆ ಇಡ್ತೀವಲ್ಲೋ!"

"ಹಂಗಾದ್ರೆ ಬಾಯಲ್ಲಿ ಊದಿದ್ರೆ ಆಗ್ತಿತ್ತಲ್ಲ ಗುರು!" ಅಂದೆ.

"ಏನ್ ಮಾಡ್ಲಿ, ಮೇಲಿಂದ ಆರ್ಡರು."

ಎಲ್ಲರೂ ನಕ್ಕರು. ನನಗೆ ಒಂಥರಾ ಖುಷಿಯಾಯ್ತು. "ಬನ್ನಿ, ಹಬ್ಬದ ದಿನ ಬಂದಿದೀರಾ, ಹೋಳಿಗೆ ತಿನ್ನಿ" ಅಂತ ಡಬ್ಬಿ ಒರೆಸಿ ಮುಂದೆ ಹಿಡಿದೆ. ವಯಸ್ಸಾದವ ಕೈ ಚಾಚಿದ. ಅವನ ಸೊಂಟದಲ್ಲಿದ್ದ ವಾಕಿ-ಟಾಕಿ ಕೂಗಿತು: ಗೇಟಲ್ಲಿ ಯಾರೂ ಇಲ್ಲ, ಎಲ್ಲಿ ಹಾಳಾಗಿ ಹೋದ್ರಿ. ಚಾಚಿದ ಕೈಯಲ್ಲೇ ನನ್ನ ಹೆಗಲು ತಟ್ಟಿ ಓಡಿದ. ಹೋಳಿಗೆ ಒಬ್ಬನೇ ತಿಂದೆ. ಸ್ವಲ್ಪ ಪುಡಿ ಪುಡಿಯಾಗಿತ್ತು.

ಅಮ್ಮನಿಗೆ ಹೇಳಿದೆ: "ಹಬ್ಬಕ್ಕೆ ಜನ ಓಡೋಡಿ ಬಂದಿದ್ರು ಅಮ್ಮಾ." ಸುಳ್ಳಲ್ಲ.

ಆ ತಿಪ್ಪೆ ಕೆಟ್ಟಿತು ಅಂದ್ಕೊಂಡು ಮಾದರಿ ತಗೊಂಡು ಮೇಡಂ ಹತ್ತಿರ ಓಡಿದೆ. ಅವರು ಪರೀಕ್ಷೆ ಮಾಡಿ ಹುಬ್ಬೇರಿಸಿದರು. "ಇಷ್ಟೊಂದು ರಂಜಕ ಎಲ್ಲಿಂದ ಬಂತು? ಏನು ಹಾಕಿದ್ರಿ?"

ಜಗಳಕ್ಕೆ ಬೇಕಾಗುತ್ತೆ ಅಂತ ಸಿಲಿಂಡರಿನ ಫೋಟೋ ಹೊಡ್ಕೊಂಡಿದ್ದೆ. ತೋರಿಸಿದೆ. ಮೇಡಂ ಮೇಲಿನ ಬರಹ ಓದಿ ನಗೋಕೆ ಶುರು ಮಾಡಿದರು. "ಅಮೋನಿಯಂ ಫಾಸ್ಫೇಟ್! ಬೆಂಕಿ ಆರಿಸೋ ಪುಡಿಯಲ್ಲಿ ಇರೋದೂ ಅದೇ, ರಂಜಕದ ಗೊಬ್ಬರದಲ್ಲಿ ಇರೋದೂ ಅದೇ ಕಣ್ರೀ. ತಿಪ್ಪೆಯಲ್ಲಿ ಚೆನ್ನಾಗಿ ಕಲಸಿ, ಹೊಲಕ್ಕೆ ತೆಳ್ಳಗೆ ಹಾಕಿ. ಈ ಸಲ ತೆಳ್ಳಗೆ ಅನ್ನೋ ಮಾತು ಕೇಳಿಸ್ತಾ?"

ಕೇಳಿಸಿತು. ವಾಪಸ್ ಬರೋವಾಗ ಅಪಾರ್ಟ್‌ಮೆಂಟ್ ಗೇಟಲ್ಲಿ ಗಾಡಿ ನಿಲ್ಲಿಸಿ ಕೂಗಿ ಹೇಳಿದೆ. "ಅಣ್ಣೋ, ಮುಂದಿನ ವರ್ಷನೂ ದೀಪ ಇಡ್ತೀನಿ. ಇರೋ ಸಿಲಿಂಡರ್ ಎಲ್ಲಾ ತಗೊಂಡ್ ಬನ್ನಿ!"

ಸುಲ್ತಾನಾಳ ಮೆರವಣಿಗೆ

ಈ ಸಲ ಮೆಂತೆ ಬಂತು ನೋಡಿ, ಮಂಡಿಯುದ್ದ. ಎಲೆ ಮುಟ್ಟಿದ್ರೆ ಕೈ ಹಸಿರಾಗಬೇಕು, ಅಂಥ ಬಣ್ಣ. ದೊಡ್ಡಮ್ಮ ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿದರು. "ಗೌರೀ, ಪರವಾಗಿಲ್ಲ ಅಂತ ಹೇಳು" ಅಂದರು. ಆ ಬಾಯಲ್ಲಿ ಪರವಾಗಿಲ್ಲ ಅಂದ್ರೆ ಚಿನ್ನದ ಪದಕ.

ಮೊದಲ ಕಟಾವು ಚಾಚಾನಿಗೆ ಅಂತ ಮೊದಲೇ ಮಾತು ಕೊಟ್ಟಿದ್ದೆ. ಚಾಚಾ ಹೇಗೆ ಅಂದ್ರೆ, ಬಡಾಯಿಯಲ್ಲಿ ನನಗೆ ಸರಿಸಮ ಅಂತ ಈ ಬೆಂಗಳೂರಲ್ಲಿ ಯಾರಾದರೂ ಇದ್ರೆ ಅವರೊಬ್ಬರೇ. ಅವರ ಬಿಳೀ ಹೆಣ್ಣು ಕುದುರೆಯ ಹೆಸರು ಸುಲ್ತಾನಾ. ಹಿತ್ತಲ ಬಾಗಿಲಲ್ಲಿ ನಿಂತು ಲದ್ದಿ ತುಂಬಿಸಿಕೊಳ್ಳೋವಾಗ ದಿನಾ ಒಂದೇ ಮಾತು.

"ಏನ್ ಸಮಜ್ಕೊಂಡಿದೀಯಾ ಮಿಯಾ? ಇದು ಮಾಮೂಲಿ ಲದ್ದಿ ಅಲ್ಲ. ದೊಡ್ಡ ದೊಡ್ಡ ಖಾನ್‌ದಾನ್ ಮದುವೆ ನೋಡಿರೋ ಕುದುರೆ ಲದ್ದಿ."

"ಚಾಚಾ, ನನ್ನ ಮೆಂತೆ ಒಂದ್ಸಲ ತಿನ್ಲಿ. ನಿಮ್ಮ ಸುಲ್ತಾನಾ ಮದುವೆ ಗಂಡನ್ನ, ಆ ದೂಲ್ಹಾನ್ನೇ ಬಿಟ್ಟು ನನ್ನ ಹಿಂದೆ ಬರ್ತಾಳೆ."

"ಚಲ್ ಚಲ್, ಬಡಾಯಿಕೋರ!" ಅಂತ ನಕ್ಕು, ಒಳಗಿಂದ ಚಹಾ ತರಿಸಿ ಬಾಗಿಲಲ್ಲೇ ಕೊಡ್ತಿದ್ದರು. ಅವರಿಗೆ ಯಾವಾಗಲೂ ಅವಸರ. ನಾನು ನಿಂತೇ ಕುಡಿದು ಹೊರಡ್ತಿದ್ದೆ.

ಆ ಸಂಜೆ ಗಾಡಿ ತುಂಬ ಹಸಿ ಮೆಂತೆ ಕಟ್ಟಿಕೊಂಡು ಪುಲಿಕೇಶಿನಗರಕ್ಕೆ ಬಂದೆ. ಮಾಸ್ಕ್ ರೋಡಿನಲ್ಲಿ ಟ್ರಾಫಿಕ್ಕು. ನೋಡಿದರೆ ಮುಂದೆ ಮದುವೆ ಮೆರವಣಿಗೆ. ಲೈಟು, ಬ್ಯಾಂಡು, ಕುಣಿಯೋ ಹುಡುಗರು. ಅವರ ನಡುವೆ ಸುಲ್ತಾನಾ ಮೇಲೆ ಮದುವೆ ಗಂಡು, ಮುಖದ ತುಂಬ ಇಳಿಬಿದ್ದ ಹೂವಿನ ಸೆಹ್ರಾ. ಅವನಿಗೆ ಏನೂ ಕಾಣಲ್ಲ, ಹೂವು ಬಿಟ್ಟು. ಲಗಾಮು ಹಿಡಿದು ಚಾಚಾ, ತಲೆಗೆ ರುಮಾಲು ಸುತ್ತಿ, ದರ್ಬಾರಿಗೆ ಹೊರಟ ಹಾಗೆ.

ಪಕ್ಕದಲ್ಲಿ ಒಂಚೂರು ಜಾಗ ಸಿಕ್ಕಿತು. ಹಾರ್ನ್ ಹೊಡೆದು, ಮೆರವಣಿಗೆಯನ್ನ ದಾಟಿ, ಎಡಕ್ಕೆ ತಿರುಗಿಕೊಂಡು ಚಾಚಾ ಮನೆ ಕಡೆ ಹೊರಟೆ. ಸುಲ್ತಾನಾ ಮೂಗಿನ ಕೆಳಗೇ ಹಾದು ಹೋದೆ ಅನ್ನೋದು ನನಗೆ ಹೊಳೆಯಲಿಲ್ಲ.

ಸ್ವಲ್ಪ ದೂರ ಹೋಗಿ ಕನ್ನಡಿ ನೋಡಿದೆ. ಹಿಂದೆ ಕುದುರೆ ಬರ್ತಿದೆ. ಕುದುರೆ ಮೇಲೆ ಗಂಡು. ಲಗಾಮು ಹಿಡಿದುಕೊಂಡು ಎಳೆಸಿಕೊಂಡು ಬರ್ತಿರೋ ಚಾಚಾ. ಗಂಡು ತಪ್ಪಿಸಿಕೊಂಡಿತಲ್ಲ ಅಂತ ಅವರ ಹಿಂದೆ ಹುಡುಗರು. ಜನ ಯಾಕೆ ತಿರುಗಿದರು ಅಂತ ಗೊತ್ತಾಗದೆ, ಬಾರಿಸೋದು ನಿಲ್ಲಿಸದೆ, ಬ್ಯಾಂಡಿನವರು. ಅವರ ಹಿಂದೆ ಜರಿ ಸೀರೆಯ ಹೆಂಗಸರು, ಲೈಟು ಹೊತ್ತವರು. ಇಡೀ ಮದುವೆ.

ನಿಜ ಹೇಳ್ತೀನಿ, ಬ್ರೇಕ್ ಒತ್ತೋಕೆ ಮನಸ್ಸು ಬರಲಿಲ್ಲ. ಬೆಂಗಳೂರಿಗೆ ಬಂದ ಮೇಲೆ, ತಳ್ಳೋಕಲ್ಲದೆ, ಓಡಿಸೋಕಲ್ಲದೆ, ಇಷ್ಟೊಂದು ಜನ ನಗ್ತಾ ನನ್ನ ಹಿಂದೆ ಬಂದಿದ್ದು ಅದೇ ಮೊದಲು.

"ನಿಲ್ಸೋ ಗಾಡಿ, ಮೆಂತೆ ಸೈತಾನ್!" ಅಂತ ಚಾಚಾ ಕಿರುಚಿದರು. ನಿಲ್ಲಿಸಿದೆ. ಸುಲ್ತಾನಾ ಬಂದವಳೇ ಗಾಡಿಗೆ ಬಾಯಿ ಹಾಕಿದಳು.

ಹೂವಿನ ಹಿಂದಿನಿಂದ ಗಂಡಿನ ದನಿ ಬಂತು. "ಚಾಚಾ, ಶಾದಿ ಮಹಲ್ ಬಂತಾ?"

"ಬರ್ತಾ ಇದೆ ಬೇಟಾ, ಬರ್ತಾ ಇದೆ" ಅಂತ ಚಾಚಾ ಬೆವರು ಒರೆಸಿಕೊಂಡು ನನ್ನ ಕಡೆ ಹಲ್ಲು ಕಡಿದರು. ಲಗಾಮು ಎಳೆದರು, ಮುದ್ದು ಮಾಡಿದರು, ಬೈದರು. ಸುಲ್ತಾನಾ ಅಲ್ಲಾಡಲಿಲ್ಲ. ಬ್ಯಾಂಡಿನವನೊಬ್ಬ ಅವಳ ಕಿವಿಯಲ್ಲಿ ತುತ್ತೂರಿ ಊದಿದ. ಅವಳು ಇನ್ನೊಂದು ಕಟ್ಟು ಎಳೆದುಕೊಂಡಳು.

ಕೊನೆಗೆ ಚಾಚಾ ಸೋತು ಹೇಳಿದರು. "ಮಿಯಾ, ಈಗ ಒಂದೇ ದಾರಿ. ನೀನು ಮುಂದೆ ನಡಿ."

ಹೀಗೆ ಆ ಮೆರವಣಿಗೆ ಮತ್ತೆ ಹೊರಟಿತು. ಎಲ್ಲರಿಗಿಂತ ಮುಂದೆ ನನ್ನ ಗೊಬ್ಬರದ ಗಾಡಿ. ಹಿಂದಿನ ಬಾಗಿಲು ತೆಗೆದಿದೆ, ಮೆಂತೆ ಇಳಿಬಿದ್ದಿದೆ. ಅದಕ್ಕೆ ಬಾಯಿ ಚಾಚಿಕೊಂಡು ಸುಲ್ತಾನಾ, ಮೇಲೆ ಗಂಡು, ಹಿಂದೆ ಬ್ಯಾಂಡು.

ಶಾದಿ ಮಹಲಿನ ಬಾಗಿಲಲ್ಲಿ ಹುಡುಗಿ ಕಡೆಯವರು ಕಾಯ್ತಾ ನಿಂತಿದ್ದರು. ಮುಂದೆ ಹುಡುಗಿಯ ತಾತ, ಬಿಳೀ ಗಡ್ಡ, ಕೈಯಲ್ಲಿ ಬೆಳ್ಳಿಯ ಪನ್ನೀರು ದಾನಿ. ಮೆರವಣಿಗೆಯಲ್ಲಿ ಮೊದಲು ಬಂದವರಿಗೆ ಪನ್ನೀರು ಚಿಮುಕಿಸಿ ಒಳಗೆ ಕರೆಯೋದು ಅವರ ಪದ್ಧತಿ. ಮೊದಲು ಬಂದವನು ನಾನು. ಗಾಡಿ ಇಳಿದು ಸರಿದುಕೊಳ್ಳೋಷ್ಟರಲ್ಲಿ ತಾತ ನನ್ನ ಮೇಲೆ ಚಿಮುಕಿಸಿದರು. ಮೂಗು ಅರಳಿಸಿದರು. ಇನ್ನೊಂದು ಸಲ ಚಿಮುಕಿಸಿದರು. ಮತ್ತೆ ವಾಸನೆ ನೋಡಿ, ಯೋಚನೆ ಮಾಡಿ, ದಾನಿಯನ್ನ ತಲೆಕೆಳಗೆ ಮಾಡಿ ಅಲ್ಲಾಡಿಸಿಬಿಟ್ಟರು. ಗಂಡಿನ ಸರದಿ ಬಂದಾಗ ಒಂದು ಹನಿಯೂ ಉಳಿದಿರಲಿಲ್ಲ.

ನಾನು ಗಾಡಿ ಹತ್ತೋಕೆ ಹೋದೆ. ತಾತ ತೋಳು ಹಿಡಿದರು. "ಎಲ್ಲಿಗೆ? ದೂಲ್ಹಾನ್ನ ಕರ್ಕೊಂಡ್ ಬಂದೋನು ಊಟ ಮಾಡ್ದೆ ಹೋಗ್ತಾನಾ?"

"ತಾತ, ನಾನು ಗೊಬ್ಬರದೋನು" ಅಂದೆ. ಆ ಮಾತನ್ನ ನಾನು ಯಾವಾಗಲೂ ಎದೆ ಉಬ್ಬಿಸಿ ಹೇಳೋದು. ಅವತ್ತು ಮಾತ್ರ ಮೆಲ್ಲಗೆ ಬಂತು.

"ಗೊತ್ತು ಬೇಟಾ. ಪನ್ನೀರು ಖಾಲಿ ಆದಾಗಲೇ ಗೊತ್ತಾಯ್ತು. ಬಾ."

ಒಳಗೆ ಉದ್ದುದ್ದ ಟೇಬಲ್ಲು. ನಾನು ಅಭ್ಯಾಸದಂತೆ ಗೋಡೆ ಪಕ್ಕದ ಮೂಲೆ ಹುಡುಕಿದೆ. ತಾತ ಎಳೆದುಕೊಂಡು ಹೋಗಿ ನಡುವಿನ ಟೇಬಲ್ಲಿನ ನಡುವೆ ಕೂರಿಸಿದರು. ಬಲಕ್ಕೆ ತಾವೇ ಕೂತರು. ಎಡಕ್ಕೆ ಚಾಚಾ ಬಂದು ದೊಪ್ಪನೆ ಕೂತು, "ನಿನ್ನ ಮೆಂತೆ ನಿಜಕ್ಕೂ ಕೆಟ್ಟದ್ದು ಮಿಯಾ, ನಾಳೆ ಎರಡು ಗಾಡಿ ತಾ" ಅಂದರು. ಬಿರಿಯಾನಿ ಬಂತು. ಯಾರೂ ಏಳಲಿಲ್ಲ. ನಾನು ಕಾಯ್ತಿದ್ದೆ. ಆದ್ರೂ ಯಾರೂ ಏಳಲಿಲ್ಲ.

ಅಷ್ಟರಲ್ಲಿ ಅಮ್ಮನ ಫೋನು. ಬಾಯಿ ತುಂಬ ಅನ್ನ, ಮಾತು ಹೊರಡ್ತಿಲ್ಲ. ಚಾಚಾ ಕಿತ್ತುಕೊಂಡು ಸ್ಪೀಕರ್ ಹಾಕಿದರು.

"ಯಾರ ಜೊತೆ ಊಟ ಮಾಡ್ತಿದೀಯಾ?" ಅಂದಳು ಅಮ್ಮ.

"ನನ್ನ ಜೊತೆ ಅಮ್ಮಾ. ನಾನು ಕುದುರೆಯವನು. ಈ ಕಡೆ ನಾನು, ಆ ಕಡೆ ಹುಡುಗಿ ತಾತ, ಮಧ್ಯ ನಿಮ್ಮ ಮಗ."

ಆ ಕಡೆ ಅಮ್ಮ ಸೆರಗಲ್ಲಿ ಮೂಗು ಒರೆಸಿಕೊಂಡ ಸದ್ದೂ ಕೇಳಿಸಿತು. ಸಿಗ್ನಲ್ ಚೆನ್ನಾಗೇ ಇತ್ತು.

"ಅವನು ಕೇಳೋಕೆ ನಾಚ್ಕೋತಾನೆ" ಅಂದಳು. "ಇನ್ನೊಂದು ಸೌಟು ಬಡಿಸಿ."

ಇಷ್ಟು ದಿನ ಈ ಊರಲ್ಲಿ ನನಗೆ ಖಾಲಿ ಸೀಟುಗಳು ಬೇಕಾದಷ್ಟು ಸಿಕ್ಕಿವೆ. ಅವತ್ತು ನನಗೆ ಕೊಟ್ಟಿದ್ದು ಒಂದು ಕುರ್ಚಿ. ಅದರ ಎರಡೂ ಪಕ್ಕ ಜನ ಇದ್ದರು.